ಪ್ರಮಾಣಪತ್ರವೂ ಪಳಗಿದ ಕೈಯೂ: ಕಂಪ್ಯೂಟರ್ ಜಾಲವೃತ್ತಿಯ ಇತಿಹಾಸದಲ್ಲಿ ಒಂದು ವಿವಾದ

ಕಂಪ್ಯೂಟರುಗಳನ್ನು ಒಂದರೊಡನೊಂದು ಜೋಡಿಸಿ, ಅವುಗಳ ನಡುವೆ ಸಂದೇಶಗಳು ತಡೆಯಿಲ್ಲದೆ ಹರಿಯುವಂತೆ ನೋಡಿಕೊಳ್ಳುವ ಕೆಲಸವು ಒಂದು ಪ್ರತ್ಯೇಕ ವೃತ್ತಿಯಾಗಿ ರೂಪುಗೊಂಡು ಬಹಳ ಕಾಲವೇನೂ ಆಗಿಲ್ಲ. ಆದರೂ ಈ ಅಲ್ಪಾವಧಿಯಲ್ಲಿಯೇ ಆ ವೃತ್ತಿಯೊಳಗೆ ಒಂದು ವಿವಾದವು ಹುಟ್ಟಿ ಬೇರೂರಿದೆ. ಕೆಲಸಕ್ಕೆ ಒಬ್ಬನನ್ನು ಆರಿಸುವಾಗ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅವನು ಪಡೆದ ಪ್ರಮಾಣಪತ್ರವನ್ನು ನಂಬಬೇಕೇ, ಅಥವಾ ಯಂತ್ರಗಳ ನಡುವೆ ವರ್ಷಗಟ್ಟಲೆ ದುಡಿದು ಪಳಗಿದ ಅವನ ಕೈಯನ್ನು ನಂಬಬೇಕೇ ಎಂಬುದೇ ಆ ವಿವಾದವು. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ವೃತ್ತಿಗಳು ಹೇಗೆ ಹುಟ್ಟಿದುವು, ಅವುಗಳ ಬಾಗಿಲನ್ನು ಯಾರು ಕಾದರು, ಯಾರನ್ನು ಒಳಕ್ಕೆ ಬಿಟ್ಟರು, ಯಾರನ್ನು ಹೊರಗೆ ನಿಲ್ಲಿಸಿದರು ಎಂಬುದನ್ನು ವಿಚಾರಿಸುವುದು ಇತಿಹಾಸದ ಹಳೆಯ ಕೆಲಸಗಳಲ್ಲೊಂದು. ಅಲ್ಲದೆ, ಪದವಿ ಮುಗಿಸಿದ ಮೇಲೆ ಇಂಥದೊಂದು ಪರೀಕ್ಷೆಗೆ ಹಣ ಕಟ್ಟಬಹುದೇ ಎಂದು ನಮ್ಮನ್ನು ಕೇಳುವ ವಿದ್ಯಾರ್ಥಿಗಳು ಇತಿಹಾಸ ತರಗತಿಗಳಲ್ಲಿಯೂ ಇದ್ದಾರೆ. ಅವರಿಗೆ ಕೊಡಬೇಕಾದ ಉತ್ತರವು ಊಹೆಯಾಗಿರದೆ ಸಂಗತಿಗಳ ಮೇಲೆ ನಿಂತಿರಬೇಕೆಂಬುದು ನಮ್ಮ ಆಶಯವಾಗಿದೆ.

ಮೊದಲಿಗೆ ಆಕರಗಳ ವಿಷಯವಾಗಿ ಒಂದು ಮಾತು ಹೇಳಬೇಕಾಗಿದೆ. ಪ್ರಮಾಣಪತ್ರವು ದಾಖಲೆಯನ್ನು ಬಿಟ್ಟುಹೋಗುತ್ತದೆ; ಅದಕ್ಕೊಂದು ಕ್ರಮಾಂಕವಿದೆ, ದಿನಾಂಕವಿದೆ, ಕೊಟ್ಟವರ ಹೆಸರಿದೆ. ಅನುಭವವು ಬಹುಮಟ್ಟಿಗೆ ಏನನ್ನೂ ಬಿಟ್ಟುಹೋಗುವುದಿಲ್ಲ. ನಡುರಾತ್ರಿಯಲ್ಲಿ ಕೆಟ್ಟುನಿಂತ ಜಾಲವೊಂದನ್ನು ಸರಿಪಡಿಸಿ ಬೆಳಗಾಗುವುದರೊಳಗೆ ಮನೆಗೆ ಹೋದವನ ಕೆಲಸವು, ಅದು ಸರಿಯಾಗಿ ನಡೆದುದರಿಂದಲೇ, ಯಾರ ಗಮನಕ್ಕೂ ಬರುವುದಿಲ್ಲ. ಆದುದರಿಂದ ಈ ವೃತ್ತಿಯ ಇತಿಹಾಸವನ್ನು ಕಾಗದಪತ್ರಗಳಿಂದ ಮಾತ್ರವೇ ಬರೆಯಹೊರಟರೆ ಪ್ರಮಾಣಪತ್ರದ ಪಕ್ಷವು ಪ್ರಯತ್ನವಿಲ್ಲದೆಯೇ ಗೆದ್ದುಬಿಡುತ್ತದೆ. ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದುವರಿಯೋಣ.

ಅಮೆರಿಕದ ರಕ್ಷಣಾ ಇಲಾಖೆಯ ಧನಸಹಾಯದಿಂದ 1969ರಲ್ಲಿ ಆರ್ಪಾನೆಟ್ ಎಂಬ ಜಾಲವು ಕೆಲಸಕ್ಕೆ ತೊಡಗಿದಾಗ ಅದನ್ನು ನಡೆಸಲು ಅರ್ಹರಾದವರು ಯಾರು ಎಂದು ಹೇಳುವ ಪರೀಕ್ಷೆಯಾಗಲಿ ಪದವಿಯಾಗಲಿ ಎಲ್ಲಿಯೂ ಇರಲಿಲ್ಲ. ಇರುವುದಕ್ಕೂ ಸಾಧ್ಯವಿರಲಿಲ್ಲ, ಕಲಿಯಬೇಕಾದ ವಿಷಯವೇ ಇನ್ನೂ ಹುಟ್ಟುತ್ತಲಿತ್ತು. ಜಾಲದ ನಿಯಮಗಳನ್ನು ಚರ್ಚಿಸುವ ಆರ್.ಎಫ್.ಸಿ. ಎಂಬ ಟಿಪ್ಪಣಿಗಳ ಮಾಲೆಯಲ್ಲಿ ಮೊದಲನೆಯದನ್ನು 1969ರ ಏಪ್ರಿಲ್ 7ರಂದು ಬರೆದ ಸ್ಟೀವ್ ಕ್ರಾಕರ್ ಅವರು ಆಗ ಲಾಸ್ ಏಂಜಲೀಸಿನ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದರು. ಈ ಮಾಲೆಯಲ್ಲಿ 1981ರ ಜುಲೈಯಲ್ಲಿ ಪ್ರಕಟವಾದ 789ನೆಯ ಟಿಪ್ಪಣಿಯು ನಮ್ಮ ವಿಷಯಕ್ಕೆ ಅತ್ಯಂತ ಬೆಲೆಯುಳ್ಳದ್ದಾಗಿದೆ. ಅನುಭವವು ದಾಖಲೆಯನ್ನು ಬಿಡುವುದಿಲ್ಲವೆಂದು ಹೇಳಿದೆವಷ್ಟೆ. ಈ ಟಿಪ್ಪಣಿಯು ಅದಕ್ಕೊಂದು ಅಪವಾದ. ಇದನ್ನು ಬರೆದವರು ಬೋಲ್ಟ್, ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯ ಎರಿಕ್ ರೋಸೆನ್ ಅವರು. ಆರ್ಪಾನೆಟ್ಟಿನ ಸಂದೇಶವಾಹಕ ಯಂತ್ರಗಳನ್ನು ನಿರ್ಮಿಸಿ, ಜಾಲದ ಮೇಲ್ವಿಚಾರಣೆಯನ್ನೂ ನೋಡಿಕೊಳ್ಳುತ್ತಿದ್ದುದು ಇದೇ ಸಂಸ್ಥೆ.

ನಡೆದ ಸಂಗತಿ ಹೀಗಿದೆ. 1980ರ ಅಕ್ಟೋಬರ್ 27ರಂದು ಆರ್ಪಾನೆಟ್ ಇಡಿಯಾಗಿ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಒಂದು ಕೊಂಡಿ ಕಡಿದರೆ ಬೇರೊಂದು ದಾರಿಯಿಂದ ಸಂದೇಶವು ಸಾಗಬೇಕೆಂದೇ ರಚಿತವಾಗಿದ್ದ ಜಾಲವು ಒಮ್ಮೆಗೇ ಎಲ್ಲ ಕಡೆಯೂ ನಿಂತುಹೋದುದು ಸಾಮಾನ್ಯ ಸಂಗತಿಯಲ್ಲ. ತನ್ನ ಸುತ್ತಲಿನ ದಾರಿಗಳ ಸ್ಥಿತಿಯನ್ನು ತಿಳಿಸುವ ಒಂದು ವರದಿಯನ್ನು ಪ್ರತಿಯೊಂದು ಯಂತ್ರವೂ ಆಗಾಗ ಹೊರಡಿಸುತ್ತಿತ್ತು. ಹೊಸ ವರದಿ ಯಾವುದು, ಹಳೆಯದು ಯಾವುದು ಎಂದು ಗುರುತಿಸಲು ಅದಕ್ಕೊಂದು ಕ್ರಮಸಂಖ್ಯೆಯಿರುತ್ತಿತ್ತು. ಈ ಸಂಖ್ಯೆಯು 63ರವರೆಗೆ ಏರಿ ಮತ್ತೆ ಸೊನ್ನೆಗೆ ಮರಳುತ್ತಿದ್ದುದರಿಂದ, ಗಡಿಯಾರದ ಮುಖದ ಮೇಲಿರುವಂತೆ, ಯಾವುದು ಮುಂದೆ ಯಾವುದು ಹಿಂದೆ ಎಂಬುದು ಚಕ್ರದ ಮೇಲಿನ ಸ್ಥಾನದಿಂದ ನಿರ್ಣಯವಾಗುತ್ತಿತ್ತು. 29ನೆಯ ಯಂತ್ರದ ಸ್ಮೃತಿಯಲ್ಲಿದ್ದ ದೋಷದಿಂದಾಗಿ, ನೆರೆಯ 50ನೆಯ ಯಂತ್ರದಿಂದ ಬಂದ ಒಂದೇ ವರದಿಯು 44, 40, 8 ಎಂಬ ಮೂರು ಸಂಖ್ಯೆಗಳನ್ನು ಹೊತ್ತ ಮೂರು ವರದಿಗಳಾಗಿ ಹರಡಿತು. ಚಕ್ರದ ಲೆಕ್ಕದಲ್ಲಿ 40ಕ್ಕಿಂತ 44 ಹೊಸದು, 8ಕ್ಕಿಂತ 40 ಹೊಸದು, ಆದರೆ 44ಕ್ಕಿಂತ 8 ಹೊಸದು! ಹೀಗೆ ಮೂರೂ ಒಂದನ್ನೊಂದು ಅಟ್ಟಿಕೊಂಡು ಜಾಲದಲ್ಲೆಲ್ಲ ಕೊನೆಯಿಲ್ಲದೆ ಸುತ್ತತೊಡಗಿದುವು. ಯಂತ್ರಗಳಿಗೆ ಅವನ್ನು ಸ್ವೀಕರಿಸಿ ಮುಂದಕ್ಕೆ ಕಳುಹಿಸುವುದರ ಹೊರತು ಬೇರೆ ಕೆಲಸಕ್ಕೆ ಬಿಡುವೇ ಇಲ್ಲದಂತಾಯಿತು.

ನಿಯಂತ್ರಣ ಕೇಂದ್ರದವರು ಒಂದು ಯಂತ್ರದ ಸ್ಮೃತಿಯಲ್ಲಿದ್ದುದನ್ನು ಹೊರತೆಗೆದು ಓದಿದರು, ಸಾಲುಗಟ್ಟಿ ನಿಂತಿದ್ದ ವರದಿಗಳೆಲ್ಲವೂ 50ನೆಯ ಯಂತ್ರದ ಹೆಸರಿನಲ್ಲಿಯೇ ಇರುವುದನ್ನು ಕಂಡರು, ಆ ಯಂತ್ರದ ವರದಿಗಳನ್ನು ಅಲಕ್ಷಿಸುವಂತೆ ಒಂದು ಸಣ್ಣ ತೇಪೆಯನ್ನು ಬರೆದು ಉಳಿದ ಯಂತ್ರಗಳಿಗೆ ಹಾಕಿದರು, ಜಾಲವು ಬದುಕಿಕೊಂಡಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ವ್ಯಾಧಿಯು ಆವರೆಗಿನ ಯಾವ ಪುಸ್ತಕದಲ್ಲಿಯೂ ಇರಲಿಲ್ಲ. ಆದುದರಿಂದ ಯಾವ ಪರೀಕ್ಷೆಯಲ್ಲಿಯೂ ಇದರ ಮೇಲೆ ಪ್ರಶ್ನೆ ಬರುವಂತಿರಲಿಲ್ಲ. ಮೈಕೇಲ್ ಪೊಲಾನಿ ಅವರು 1958ರಲ್ಲಿಯೂ 1966ರಲ್ಲಿಯೂ ಪ್ರಕಟಿಸಿದ ಗ್ರಂಥಗಳಲ್ಲಿ ಮಾತಿಗೆ ಸಿಕ್ಕದ ಜ್ಞಾನವೆಂದು ಯಾವುದನ್ನು ವಿವರಿಸಿದರೋ ಅದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಈ ಕ್ಷೇತ್ರದಲ್ಲಿ ನಮಗೆ ದೊರೆತಿಲ್ಲ. ಆದರೆ ಇನ್ನೊಂದನ್ನೂ ಮರೆಯಬಾರದು. ಆ ಕೇಂದ್ರದವರು ಯಂತ್ರವನ್ನು ತಾವೇ ಕಟ್ಟಿದವರು. ಅದರ ಒಳಹೊರಗನ್ನು ಬಲ್ಲ ಜನ ಕೆಲವೇ ಮಂದಿ, ಅವರೆಲ್ಲರೂ ಒಬ್ಬರನ್ನೊಬ್ಬರು ಬಲ್ಲವರು. ಪರಿಚಿತರ ಗುಂಪಿನಲ್ಲಿ ಪ್ರಮಾಣಪತ್ರಕ್ಕೆ ಕೆಲಸವಿಲ್ಲ.

ನಮ್ಮ ದೇಶದಲ್ಲಿಯೂ ಆರಂಭವು ಇದೇ ರೀತಿಯದು. ಕೇಂದ್ರ ಸರಕಾರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಕೈಗೊಂಡ ಅರ್ನೆಟ್ ಯೋಜನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐ.ಐ.ಟಿ.ಗಳು ಮತ್ತು ಮುಂಬಯಿಯ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರವು ಸೇರಿದ್ದುವು. ಜಾಲವನ್ನು ಕಟ್ಟುತ್ತಲೇ ಜಾಲವನ್ನು ಕಲಿಯುವುದು ಅಲ್ಲಿಯೂ ಅನಿವಾರ್ಯವಾಗಿತ್ತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್ನೆಟ್ ಸಂಪರ್ಕವನ್ನು ಒದಗಿಸಿದ ಮೇಲೆ ಈ ಕೆಲಸವು ವಿದ್ಯಾಸಂಸ್ಥೆಗಳ ಅಂಗಳವನ್ನು ದಾಟಿ ಬ್ಯಾಂಕು, ಕಾರಖಾನೆ, ಕಚೇರಿಗಳನ್ನು ಪ್ರವೇಶಿಸಿತು. ಆಗ ಪರಿಚಿತರ ಗುಂಪು ಸಾಲದೆ ಹೋಯಿತು. ಅಪರಿಚಿತನೊಬ್ಬನು ಬಂದು ತನಗೆ ಕೆಲಸ ಗೊತ್ತೆಂದು ಹೇಳುತ್ತಾನೆ. ಕೇಳುವ ಅಧಿಕಾರಿಗೆ ಆ ಕೆಲಸವೇ ಗೊತ್ತಿಲ್ಲ. ಈ ಸಂದರ್ಭದಲ್ಲಿ ಮೂರನೆಯವರ ಸಾಕ್ಷಿಯೊಂದು ಬೇಕಾಗುತ್ತದೆ.

ಈ ಸಮಸ್ಯೆಯು ಕಂಪ್ಯೂಟರುಗಳಿಗಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಬ್ರಿಟನ್ನಿನಲ್ಲಿ ಹಡಗಿನ ನಾಯಕರ ವಿಷಯವಾಗಿ ಇದೇ ಪ್ರಶ್ನೆಯು ಎದ್ದಿತ್ತು. ಹಡಗುಗಳು ಮುಳುಗುವುದಕ್ಕೆ ಕಾರಣಗಳನ್ನು ವಿಚಾರಿಸಲು 1836ರಲ್ಲಿ ಪಾರ್ಲಿಮೆಂಟು ನೇಮಿಸಿದ ಸಮಿತಿಯು ನಾಯಕರ ಅಸಾಮರ್ಥ್ಯವನ್ನೂ ಒಂದು ಕಾರಣವಾಗಿ ಎಣಿಸಿತು. 1845ರಲ್ಲಿ ಇಷ್ಟವಿದ್ದವರಿಗೆ ಮಾತ್ರ ಒಂದು ಪರೀಕ್ಷೆಯು ಏರ್ಪಟ್ಟಿತು. 1850ರ ಕಾನೂನು ವಿದೇಶಯಾನದ ಹಡಗುಗಳ ನಾಯಕರಿಗೂ ಅವರ ಸಹಾಯಕರಿಗೂ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಆದರೆ ಆ ಕಾನೂನು ಎರಡು ಬಗೆಯ ಪತ್ರಗಳನ್ನು ಸೃಷ್ಟಿಸಿತು. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಸಾಮರ್ಥ್ಯದ ಪತ್ರ; ಕಾನೂನು ಬರುವುದಕ್ಕೆ ಮೊದಲೇ ಆ ಹುದ್ದೆಗಳಲ್ಲಿ ದುಡಿದಿದ್ದವರಿಗೆ, ಯಾವ ಪರೀಕ್ಷೆಯೂ ಇಲ್ಲದೆ, ಸೇವೆಯ ಪತ್ರ. ಹಾಗೆಂದು ಹೊಸಬನು ಪುಸ್ತಕವನ್ನೋದಿ ನೇರವಾಗಿ ಪರೀಕ್ಷೆಗೆ ಕುಳಿತುಕೊಳ್ಳುವಂತೆಯೂ ಇರಲಿಲ್ಲ. ಅತ್ಯಂತ ಕೆಳಗಿನ ಪರೀಕ್ಷೆಗೂ ನಾಲ್ಕು ವರ್ಷಗಳ ಸಮುದ್ರಸೇವೆಯನ್ನು ತೋರಿಸಬೇಕಾಗಿತ್ತು. ಅನುಭವವನ್ನು ಪ್ರಮಾಣಪತ್ರದ ಪ್ರತಿಸ್ಪರ್ಧಿಯನ್ನಾಗಿ ಮಾಡದೆ ಅದರ ಹೊಸ್ತಿಲನ್ನಾಗಿ ಮಾಡಿದ ಈ ವ್ಯವಸ್ಥೆಯು ವಿವೇಕಯುತವಾದುದೆಂದು ನಮಗೆ ತೋರುತ್ತದೆ. ಕಂಪ್ಯೂಟರ್ ಜಾಲದ ವೃತ್ತಿಯಲ್ಲಿ ಇಂಥ ವ್ಯವಸ್ಥೆಯು ಏಕೆ ಬೆಳೆಯಲಿಲ್ಲ? ಮುಖ್ಯವಾದ ಕಾರಣವೆಂದರೆ, ಇಲ್ಲಿ ಪರೀಕ್ಷೆಯನ್ನು ಏರ್ಪಡಿಸಿದುದು ರಾಜ್ಯಶಕ್ತಿಯಲ್ಲ, ಯಂತ್ರವನ್ನೂ ತಂತ್ರಾಂಶವನ್ನೂ ಮಾರುವ ವರ್ತಕ ಸಂಸ್ಥೆ.

1980ರ ದಶಕದ ಕೊನೆಯಲ್ಲಿ ಅಮೆರಿಕದ ಯೂಟಾ ರಾಜ್ಯದ ನೋವೆಲ್ ಸಂಸ್ಥೆಯು ತನ್ನ ನೆಟ್‌ವೇರ್ ತಂತ್ರಾಂಶವನ್ನು ಸ್ಥಾಪಿಸಿ ನಡೆಸಬಲ್ಲವರಿಗೆ ಸಿ.ಎನ್.ಇ. ಎಂಬ ಪ್ರಮಾಣಪತ್ರವನ್ನು ಕೊಡತೊಡಗಿತು. 1990ರ ದಶಕದಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಎಂ.ಸಿ.ಎಸ್.ಇ. ಎಂಬುದನ್ನು ತಂದಿತು. ಸರಕನ್ನು ಮಾರುವವನೇ ಅದನ್ನು ಬಳಸುವ ಪಂಡಿತರನ್ನೂ ನಿರ್ಮಿಸಿದಾಗ ಸರಕಿನ ವ್ಯಾಪಾರವು ಹೆಚ್ಚುವುದು ಸಹಜ. ಪಂಡಿತನು ತಾನು ಕಲಿತ ಯಂತ್ರವನ್ನೇ ಕೊಳ್ಳಿರೆಂದು ಯಜಮಾನನಿಗೆ ಸಲಹೆ ಮಾಡುತ್ತಾನೆ. ಇದರಲ್ಲಿ ಮೋಸವಿದೆಯೆಂದು ನಾವು ಹೇಳುತ್ತಿಲ್ಲ. ಆದರೆ ನ್ಯಾಯಾಧೀಶನೂ ವರ್ತಕನೂ ಒಬ್ಬನೇ ಆಗಿರುವ ನ್ಯಾಯಾಲಯವು ಇದೆಂಬುದನ್ನು ಮರೆಯಲಾಗದು. ಯಾವ ಒಂದು ಸಂಸ್ಥೆಯ ಸರಕಿಗೂ ಕಟ್ಟುಬೀಳದ ಪರೀಕ್ಷೆಯೂ ಇಲ್ಲದಿರಲಿಲ್ಲ; ಕಾಂಪ್‌ಟಿಯಾ ಎಂಬ ವರ್ತಕರ ಸಂಘವು 1999ರಲ್ಲಿ ನೆಟ್‌ವರ್ಕ್ ಪ್ಲಸ್ ಎಂಬುದನ್ನು ಪ್ರಾರಂಭಿಸಿತು.

ಈ ಎರಡು ಪದವಿಗಳ ಹೆಸರಿನಲ್ಲಿಯೂ ಎಂಜಿನಿಯರ್ ಎಂಬ ಶಬ್ದವಿದ್ದುದು ಬೇರೊಂದು ಕಲಹಕ್ಕೆ ಎಡೆಗೊಟ್ಟಿತು. ಆ ಹೆಸರನ್ನು ಕಾನೂನಿನಿಂದ ಕಾಪಾಡಿಕೊಂಡಿದ್ದ ಕೆನಡದ ಎಂಜಿನಿಯರುಗಳ ಸಂಘಗಳು ಇದನ್ನು ವಿರೋಧಿಸಿದುವು. ಕ್ವಿಬೆಕ್ ಪ್ರಾಂತ್ಯದ ನ್ಯಾಯಾಲಯವು 2004ರಲ್ಲಿ ಮೈಕ್ರೋಸಾಫ್ಟಿಗೆ ವಿರುದ್ಧವಾಗಿ ತೀರ್ಪಿತ್ತಿತು. ಮುಂದೆ 2012ರಲ್ಲಿ ಎಂ.ಸಿ.ಎಸ್.ಇ. ಎಂಬ ಅಕ್ಷರಗಳು ಹೊಸದಾಗಿ ಬಂದಾಗ ಕೊನೆಯ ಅಕ್ಷರದ ಅರ್ಥವು ಎಂಜಿನಿಯರ್ ಎಂದಿರದೆ ಎಕ್ಸ್‌ಪರ್ಟ್ ಎಂದಾಗಿತ್ತು. 2021ರ ಜನವರಿಯಲ್ಲಿ ಆ ಪದವಿಯೂ ನಿವೃತ್ತವಾಯಿತು. ನಾಲ್ಕಾರು ವರ್ಷ ದುಡಿದು ಹಣ ಕೂಡಿಸಿ ಪಡೆದ ಪದವಿಯು ಅದನ್ನು ಪಡೆದವನಿಗಿಂತ ಮೊದಲೇ ನಿವೃತ್ತವಾಗುವ ವೃತ್ತಿಗಳು ಬೇರೆ ಎಷ್ಟಿವೆಯೋ ನಾವರಿಯೆವು.

ಬಹುಬೇಗ 'ಕಾಗದದ ಸಿ.ಎನ್.ಇ.', 'ಕಾಗದದ ಎಂ.ಸಿ.ಎಸ್.ಇ.' ಎಂಬ ಹೀಯಾಳಿಕೆಯ ಮಾತುಗಳು ವೃತ್ತಿಯವರಲ್ಲಿ ಹುಟ್ಟಿಕೊಂಡುವು. ಪರೀಕ್ಷೆಗಳು ಹೆಚ್ಚಾಗಿ ಕೊಟ್ಟ ಉತ್ತರಗಳಲ್ಲಿ ಸರಿಯಾದುದನ್ನು ಆರಿಸುವ ಮಾದರಿಯವಾಗಿದ್ದುವು. ಅವನ್ನು ನಡೆಸುತ್ತಿದ್ದ ಕೇಂದ್ರಗಳು ಊರೂರಿಗೆ ಹಬ್ಬಿದುವು. ಪರೀಕ್ಷೆ ಬರೆದು ಹೊರಬಂದವರು ನೆನಪಿನಲ್ಲಿದ್ದ ಪ್ರಶ್ನೆಗಳನ್ನು ಕೂಡಿಸಿ ಮಾರತೊಡಗಿದರು. ಈ ಸಂಗ್ರಹಗಳಿಗೆ ಡಂಪ್ ಎಂದು ಹೆಸರಾಯಿತು. ಇಂಥ ಪ್ರಶ್ನೋತ್ತರಗಳನ್ನು ಮಾರಿದುದಕ್ಕಾಗಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬನು 2002ರಲ್ಲಿ ವ್ಯಾಪಾರರಹಸ್ಯದ ಕಳವಿನ ಅಪರಾಧವನ್ನು ನ್ಯಾಯಾಲಯದ ಮುಂದೆ ಒಪ್ಪಿಕೊಂಡನು. ಅರ್ಥಶಾಸ್ತ್ರಜ್ಞ ಮೈಕೇಲ್ ಸ್ಪೆನ್ಸ್ ಅವರು 1973ರಲ್ಲಿ ಉದ್ಯೋಗದ ಮಾರುಕಟ್ಟೆಯ ಮೇಲೆ ಬರೆದ ಪ್ರಬಂಧವು ಇಲ್ಲಿ ನೆರವಿಗೆ ಬರುತ್ತದೆ. ಅವರ ವಾದದ ತಿರುಳೇನೆಂದರೆ, ವಿದ್ಯಾರ್ಹತೆಯು ತನ್ನಷ್ಟಕ್ಕೆ ಏನನ್ನೂ ಕಲಿಸದೆ ಇದ್ದರೂ ಯಜಮಾನನಿಗೆ ಅದು ಸಂಕೇತವಾಗಿ ಉಪಯುಕ್ತವಾಗಬಹುದು. ಆದರೆ ಆ ಅರ್ಹತೆಯನ್ನು ಪಡೆಯುವ ಶ್ರಮವು ಸಮರ್ಥನಿಗೆ ಕಡಿಮೆಯಾಗಿಯೂ ಅಸಮರ್ಥನಿಗೆ ಹೆಚ್ಚಾಗಿಯೂ ಇರಬೇಕು. ಡಂಪುಗಳು ಕೆಡಿಸಿದುದು ಈ ಒಂದು ಅಂಶವನ್ನೇ. ಉತ್ತರಗಳನ್ನು ಬಾಯಿಪಾಠ ಮಾಡುವ ಶ್ರಮವು ಇಬ್ಬರಿಗೂ ಒಂದೇ. ಆಗ ಪತ್ರವು ಏನನ್ನೂ ಸೂಚಿಸುವುದಿಲ್ಲ. ಪ್ರಾಮಾಣಿಕವಾಗಿ ಓದಿ ಪಡೆದವನ ಪತ್ರವೂ ಅದರೊಂದಿಗೇ ಬೆಲೆ ಕಳೆದುಕೊಳ್ಳುತ್ತದೆ. ನಷ್ಟವೆಲ್ಲ ಬಿದ್ದುದು ಹೀಗೆ ಓದಿದವನ ಮೇಲೆಯೇ.

ಇದಕ್ಕೆ ಪ್ರತಿಯಾಗಿ ನಿಲ್ಲುವುದು ಸಿಸ್ಕೋ ಸಂಸ್ಥೆಯ ಸಿ.ಸಿ.ಐ.ಇ. ಎಂಬ ಪರೀಕ್ಷೆಯ ಚರಿತ್ರೆ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ, ಏಕೆಂದರೆ ನಮ್ಮ ಪ್ರಶ್ನೆಗೆ ದೊರೆಯಬಹುದಾದ ಉತ್ತರವು ಬಹುಮಟ್ಟಿಗೆ ಇಲ್ಲಿಯೇ ಇದೆ. 1984ರಲ್ಲಿ ಸ್ಥಾಪಿತವಾಗಿ, ಒಂದು ಜಾಲದಿಂದ ಇನ್ನೊಂದಕ್ಕೆ ಸಂದೇಶಗಳಿಗೆ ದಾರಿ ತೋರಿಸುವ ರೌಟರುಗಳನ್ನು ಮಾರಿ ಬೆಳೆದ ಈ ಸಂಸ್ಥೆಯು 1993ರಲ್ಲಿ ಈ ಪರೀಕ್ಷೆಯನ್ನು ಪ್ರಾರಂಭಿಸಿತು. ಪ್ರಮಾಣಪತ್ರಗಳ ಕ್ರಮಾಂಕವು ಒಂದರಿಂದ ಮೊದಲಾಗದೆ 1024ರಿಂದ ಮೊದಲಾಯಿತು. ಕಂಪ್ಯೂಟರಿನವರಿಗೆ ಅದು ಪ್ರಿಯವಾದ ಸಂಖ್ಯೆ. ಆ ಮೊದಲ ಕ್ರಮಾಂಕವನ್ನು ಯಾವ ವ್ಯಕ್ತಿಗೂ ಕೊಡದೆ ಪರೀಕ್ಷಾ ಪ್ರಯೋಗಶಾಲೆಗೇ ಕೊಟ್ಟರು. 1025 ಪರೀಕ್ಷೆಯನ್ನು ರಚಿಸಿದ ಸ್ಟುವರ್ಟ್ ಬಿಗ್ಸ್ ಅವರದು. 1026 ಸಂಸ್ಥೆಯ ಹೊರಗಿನಿಂದ ಬಂದು ತೇರ್ಗಡೆಯಾದ ಮೊದಲಿಗರಾದ ಟೆರಿ ಸ್ಲಾಟರಿ ಅವರದು. ಪ್ರಯೋಗಶಾಲೆಗೆ ಅಗ್ರಸ್ಥಾನವನ್ನು ಕೊಟ್ಟ ಈ ಕ್ರಮವನ್ನು ವಿನೋದವೆಂದು ತಳ್ಳಿಹಾಕಬಹುದಾದರೂ, ಪರೀಕ್ಷೆಯನ್ನು ಕಲ್ಪಿಸಿದವರ ಮನೋಭಾವವು ಅದರಿಂದ ವಿದಿತವಾಗುತ್ತದೆ.

ಲಿಖಿತ ಪರೀಕ್ಷೆಯಾದ ಮೇಲೆ ಅಭ್ಯರ್ಥಿಯು ಎರಡು ದಿನ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಬೇಕಾಗಿತ್ತು. ಮೊದಲು ಅವನು ಕೊಟ್ಟ ವಿವರಣೆಯಂತೆ ಜಾಲವನ್ನು ಕಟ್ಟುವನು. ಎರಡನೆಯ ದಿನ ಅವನು ಹೊರಗೆ ಹೋಗಿದ್ದಾಗ ಪರೀಕ್ಷಕನು ಒಳಕ್ಕೆ ಬಂದು, ಅವನು ಕಟ್ಟಿದ ಆ ಜಾಲವನ್ನೇ ಹಲವು ಕಡೆಗಳಲ್ಲಿ ಕೆಡಿಸುವನು. ಅಭ್ಯರ್ಥಿಯು ಹಿಂದಿರುಗಿ, ಎಲ್ಲಿ ಏನು ಕೆಟ್ಟಿದೆಯೆಂಬುದನ್ನು ಗಡುವಿನೊಳಗೆ ಪತ್ತೆಹಚ್ಚಿ ಸರಿಪಡಿಸಬೇಕು. ಮೊದಲ ಯತ್ನದಲ್ಲಿ ಗೆದ್ದವರು ವಿರಳ. ಈ ಪರೀಕ್ಷೆಗೆ ಇಷ್ಟು ವರ್ಷಗಳ ಅನುಭವ ಬೇಕೆಂಬ ನಿಬಂಧನೆಯಾಗಲಿ, ಬೇರೆ ಪದವಿ ಬೇಕೆಂಬ ನಿಬಂಧನೆಯಾಗಲಿ ಇರಲಿಲ್ಲವೆಂಬುದು ಇಲ್ಲಿ ಮುಖ್ಯವಾಗುತ್ತದೆ. ಅನುಭವವುಂಟೆಂದು ಕಾಗದದಲ್ಲಿ ತೋರಿಸು ಎಂದು ಕೇಳುವ ಬದಲು, ಅನುಭವವಿಲ್ಲದವನು ದಾಟಲಾರದ ಹಳ್ಳವನ್ನು ತೋಡಿದ್ದರು. 1850ರ ಬ್ರಿಟಿಷ್ ಕಾನೂನು ಅನುಭವವನ್ನು ಪರೀಕ್ಷೆಯ ಹೊಸ್ತಿಲಲ್ಲಿ ಇಟ್ಟಿತ್ತು. ಇವರು ಅದನ್ನು ಪರೀಕ್ಷೆಯ ಒಳಕ್ಕೇ ತಂದರು.

ಮುಂದಿನ ಚರಿತ್ರೆಯು ಇಷ್ಟು ಸರಳವಾಗಿಲ್ಲ. ಅಭ್ಯರ್ಥಿಗಳ ಸಂಖ್ಯೆಯು ಬೆಳೆದಂತೆ ಎರಡು ದಿನಗಳ ಪರೀಕ್ಷೆಯು ಭಾರವಾಯಿತು. 2001ರ ಅಕ್ಟೋಬರಿನಲ್ಲಿ ಅದನ್ನು ಒಂದು ದಿನಕ್ಕೆ ಇಳಿಸಿದರು. ಹಾಗೆ ಇಳಿಸುವಾಗ, ಕೆಟ್ಟುದನ್ನು ಸರಿಪಡಿಸುವ ಪ್ರತ್ಯೇಕ ಭಾಗವನ್ನೇ ತೆಗೆದುಹಾಕಿದರು. ಕಟ್ಟುವ ವಿದ್ಯೆಯನ್ನು ಬಾಯಿಪಾಠ ಮಾಡಬಹುದು. ಪ್ರಯೋಗಶಾಲೆಯ ವಿವರಣೆಗಳೇ ಸೋರಿಹೋದರೆ ಕಟ್ಟುವುದನ್ನು ಮೊದಲೇ ಮನೆಯಲ್ಲಿ ನೂರು ಸಲ ಅಭ್ಯಾಸ ಮಾಡಿಕೊಂಡು ಬರಬಹುದು. 2009ರ ಫೆಬ್ರವರಿಯಲ್ಲಿ, ಉತ್ತರಗಳನ್ನು ಕೊಡದೆ ಅಭ್ಯರ್ಥಿಯು ತನ್ನ ಮಾತಿನಲ್ಲಿಯೇ ಬರೆಯಬೇಕಾದ ಕೆಲವು ಪ್ರಶ್ನೆಗಳನ್ನು ಪ್ರಯೋಗಶಾಲೆಯ ಪರೀಕ್ಷೆಗೆ ಸೇರಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ದೋಷಪರಿಹಾರದ ಭಾಗವು, ಎರಡು ಗಂಟೆಗಳ ಅವಧಿಯದಾಗಿ, ಹಿಂದಿರುಗಿತು. ಮರುವರ್ಷ ಆ ಪ್ರಶ್ನೆಗಳನ್ನು ಕೈಬಿಟ್ಟರು. ಎಂಟು ವರ್ಷಗಳ ಕಾಲ ಹೊರಗಿದ್ದ ದೋಷಪರಿಹಾರವನ್ನು ಮತ್ತೆ ಒಳಕ್ಕೆ ಕರೆದುಕೊಂಡ ಈ ಕ್ರಮವು, ಪ್ರಮಾಣಪತ್ರವನ್ನು ಕೊಡುವವರೇ ಪಳಗಿದ ಕೈಯ ಪರವಾಗಿ ನುಡಿದ ಸಾಕ್ಷ್ಯವೆಂದು ನಾವು ಪರಿಗಣಿಸುತ್ತೇವೆ. ಈ ವೃತ್ತಿಯ ವಾದವಿವಾದಗಳಲ್ಲಿ ಇದನ್ನು ಉಲ್ಲೇಖಿಸಬೇಕಾದಷ್ಟು ಉಲ್ಲೇಖಿಸುವುದಿಲ್ಲ.

ಬೇರೊಂದು ಮಾರ್ಗವನ್ನು ಹಿಡಿದವರೂ ಇದ್ದಾರೆ. ಜಾಲಗಳ ರಕ್ಷಣೆಗೆ ಸಂಬಂಧಿಸಿದ ಸಿ.ಐ.ಎಸ್.ಎಸ್.ಪಿ. ಎಂಬ ಪದವಿಗೆ ಪರೀಕ್ಷೆಯೊಂದಿಗೆ ಐದು ವರ್ಷಗಳ ಸೇವೆಯನ್ನೂ, ಅದಕ್ಕೆ ಈಗಾಗಲೇ ಅರ್ಹತೆ ಪಡೆದವರೊಬ್ಬರ ಸಮರ್ಥನೆಯನ್ನೂ ತೋರಿಸಬೇಕು. ಸೇವೆಯಿಲ್ಲದೆ ಪರೀಕ್ಷೆಯಲ್ಲಿ ಮಾತ್ರ ಗೆದ್ದವನು ಸಹಸದಸ್ಯನಾಗಿ ಕಾಯಬೇಕು. ಇದು ಹಡಗಿನವರ ಪದ್ಧತಿಗೆ ಸಮೀಪವಾದುದು. ಆದರೆ ಐದು ವರ್ಷ ಕುರ್ಚಿಯಲ್ಲಿ ಕುಳಿತಿದ್ದುದೂ ಐದು ವರ್ಷ ಕೆಲಸ ಕಲಿತುದೂ ಒಂದೇ ಅಲ್ಲವೆಂಬ ಆಕ್ಷೇಪಣೆಯು ಇದಕ್ಕೆ ತಪ್ಪಿದ್ದಲ್ಲ.

ನಮ್ಮ ನಾಡಿನ ಯುವಕರಿಗೆ ಈ ವಿವಾದವು ಹೇಗೆ ತಟ್ಟಿದೆಯೆಂಬುದನ್ನು ಈಗ ನೋಡೋಣ. ಖಾಸಗಿ ಕಂಪ್ಯೂಟರ್ ಶಾಲೆಗಳು ಎಲ್ಲೆಡೆ ತಲೆಯೆತ್ತಿದಾಗ ಅವುಗಳ ಮಟ್ಟವನ್ನು ಅಳೆಯುವುದಕ್ಕಾಗಿ ಎಲೆಕ್ಟ್ರಾನಿಕ್ಸ್ ಇಲಾಖೆಯು 1990ರಲ್ಲಿ ಡಿ.ಓ.ಇ.ಎ.ಸಿ.ಸಿ. ಎಂಬ ಯೋಜನೆಯನ್ನು ತಂದು ಓ, ಎ, ಬಿ, ಸಿ ಎಂಬ ನಾಲ್ಕು ಮೆಟ್ಟಿಲುಗಳನ್ನು ಏರ್ಪಡಿಸಿತು. ಆದರೆ ಜಾಲವೃತ್ತಿಯಲ್ಲಿ ಕೆಲಸ ಕೊಡುವವರು ಕೇಳಿದುದು ಬಹುತೇಕ ವಿದೇಶೀ ಸಂಸ್ಥೆಗಳ ಪತ್ರಗಳನ್ನೇ. 1998ರಲ್ಲಿ ಸಿಸ್ಕೋ ಸಂಸ್ಥೆಯು ಹೊಸಬರಿಗಾಗಿ ಆರಂಭಿಸಿದ ಸಿ.ಸಿ.ಎನ್.ಎ. ಎಂಬ ಪರೀಕ್ಷೆಯ ಹೆಸರು ಬೆಂಗಳೂರಿನ ಬೀದಿಗಳ ತರಬೇತಿ ಫಲಕಗಳಲ್ಲಿ ಎಷ್ಟು ಪರಿಚಿತವೆಂಬುದನ್ನು ಹೇಳಬೇಕಾಗಿಲ್ಲ. ಸಿ.ಸಿ.ಐ.ಇ. ಪ್ರಯೋಗಶಾಲೆಯ ಪರೀಕ್ಷೆಯನ್ನು ನಡೆಸುವ, ಪ್ರಪಂಚದಲ್ಲಿಯೇ ಕೆಲವಾದ ಸ್ಥಳಗಳಲ್ಲಿ ಬೆಂಗಳೂರೂ ಒಂದಾಯಿತು. ಬ್ರಸೆಲ್ಸ್, ಸಿಡ್ನಿ, ಟೋಕಿಯೋ ನಗರಗಳ ಸಾಲಿನಲ್ಲಿ ಅದು ನಿಂತಿತು.

ಶುಲ್ಕಗಳು ಡಾಲರಿನಲ್ಲಿ ನಿರ್ಧಾರವಾಗುತ್ತವೆ. 2020ರಲ್ಲಿ ಸಿ.ಸಿ.ಎನ್.ಎ. ಪರೀಕ್ಷೆಯ ಶುಲ್ಕವು 300 ಡಾಲರುಗಳಷ್ಟಿತ್ತು. ಅಂದಿನ ದರದಲ್ಲಿ ಸುಮಾರು 22,000 ರೂಪಾಯಿಗಳು. ಸಿ.ಸಿ.ಐ.ಇ. ಪ್ರಯೋಗಶಾಲೆಯ ಒಂದು ದಿನಕ್ಕೆ 1,600 ಡಾಲರು, ಅಂದರೆ ಒಂದು ಲಕ್ಷ ರೂಪಾಯಿಗಳಿಗೂ ಮೀರಿದ ಮೊತ್ತ. ಸೋತರೆ ಮತ್ತೆ ಕಟ್ಟಬೇಕು. ಕ್ಯಾಲಿಫೋರ್ನಿಯದ ಸಂಬಳಗಾರನಿಗೆ ಇದೊಂದು ಖರ್ಚು. ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಬಂದ ಹುಡುಗನಿಗಾದರೋ ಮನೆಯವರೆಲ್ಲರೂ ಕುಳಿತು ಮಾತನಾಡಿ ತೀರ್ಮಾನಿಸಬೇಕಾದ ಸಂಗತಿ. ಇಷ್ಟಾಗಿ ಪತ್ರವು ಕೈಗೆ ಬಂದ ಮೇಲೆ, ಹೊಸಬರಿಗೆಂದು ಪ್ರಕಟವಾದ ಕೆಲಸಕ್ಕೂ ಎರಡು ವರ್ಷಗಳ ಅನುಭವ ಬೇಕೆಂಬ ಉತ್ತರವು ಬರುವುದುಂಟು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಪ್ರಮಾಣಪತ್ರವು ನಿರರ್ಥಕ, ಅನುಭವವೇ ಸರ್ವಸ್ವ ಎಂದು ಸುಲಭವಾಗಿ ಹೇಳಿಬಿಡುವ ಹಿರಿಯರು ಈ ಸುಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದೇ ನಮ್ಮ ಅಭಿಪ್ರಾಯ. ಅನುಭವವನ್ನು ಪಡೆಯಲು ಮೊದಲು ಯಾರಾದರೂ ಯಂತ್ರದ ಕೋಣೆಯ ಬಾಗಿಲನ್ನು ತೆರೆಯಬೇಕು. ಪರಿಚಯವಿರುವವರಿಗೆ ಆ ಬಾಗಿಲು ಹೇಗೂ ತೆರೆದೀತು. ಇಲ್ಲದವರ ಪಾಲಿಗೆ, ಎಷ್ಟೇ ದೋಷಗಳಿದ್ದರೂ, ಬಾಗಿಲನ್ನು ತಟ್ಟಲು ದೊರೆತಿರುವ ಕೋಲು ಪ್ರಮಾಣಪತ್ರವೊಂದೇ. ಅದು ಬಾಗಿಲನ್ನು ತಟ್ಟುತ್ತದೆಯೇ ಹೊರತು ತೆರೆಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಈ ಸುಳಿಯನ್ನು ಸ್ವಲ್ಪಮಟ್ಟಿಗೆ ಸಡಿಲಿಸಿದುದು ವಿದ್ಯಾಸಂಸ್ಥೆಗಳಲ್ಲ, ಸರಕಾರಗಳೂ ಅಲ್ಲ. ಮೊದಮೊದಲು ಅಭ್ಯರ್ಥಿಗಳು ಕಚೇರಿಗಳು ಬಳಸಿ ಬಿಟ್ಟ 2500 ಶ್ರೇಣಿಯ ಹಳೆಯ ರೌಟರುಗಳನ್ನು ಕೊಂಡು ಮನೆಯಲ್ಲಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು. ಅದಕ್ಕೂ ಹಣ ಬೇಕಾಗಿತ್ತು. 2005ರಲ್ಲಿ ಫ್ರಾನ್ಸಿನ ಕ್ರಿಸ್ತೋಫ್ ಫಿಲೋ ಅವರು ಸಾಮಾನ್ಯವಾದ ಕಂಪ್ಯೂಟರಿನೊಳಗೇ ಸಿಸ್ಕೋ ರೌಟರನ್ನು ಅನುಕರಿಸುವ ಡೈನಮಿಪ್ಸ್ ಎಂಬ ತಂತ್ರಾಂಶವನ್ನು ಹೊರತಂದು ಉಚಿತವಾಗಿ ಹಂಚಿದರು. ಅದರ ಮೇಲೆ ಜಿ.ಎನ್.ಎಸ್.3 ಎಂಬ ಇನ್ನೊಂದು ತಂತ್ರಾಂಶವು ಬೆಳೆಯಿತು. ಸಿಸ್ಕೋ ಸಂಸ್ಥೆಯೂ 1997ರಲ್ಲಿ ಸ್ಥಾಪಿಸಿದ ತನ್ನ ನೆಟ್‌ವರ್ಕಿಂಗ್ ಅಕಾಡೆಮಿಯ ವಿದ್ಯಾರ್ಥಿಗಳಿಗೆ ಪ್ಯಾಕೆಟ್ ಟ್ರೇಸರ್ ಎಂಬ ಅಭ್ಯಾಸದ ತಂತ್ರಾಂಶವನ್ನು ಒದಗಿಸಿತು. ಹತ್ತು ರೌಟರುಗಳ ಜಾಲವನ್ನು ಬಾಡಿಗೆಯ ಕೋಣೆಯಲ್ಲಿ ಕುಳಿತು ಕಟ್ಟಿ, ಕೆಡಿಸಿ, ಮತ್ತೆ ಕಟ್ಟುವುದು ಇದರಿಂದ ಸಾಧ್ಯವಾಯಿತು. ಇದನ್ನು ಅನುಭವವೆನ್ನಬಹುದೇ? 2014ರಲ್ಲಿ ಸಿ.ಸಿ.ಐ.ಇ. ಪರೀಕ್ಷೆಯೇ ರೌಟರುಗಳ ವಿಭಾಗದಲ್ಲಿ ನಿಜವಾದ ಯಂತ್ರಗಳನ್ನು ಬಿಟ್ಟು ಪೂರ್ಣವಾಗಿ ಅನುಕರಣೆಯ ಯಂತ್ರಗಳಿಗೆ ಬದಲಾಯಿಸಿಕೊಂಡಿತು. ಪರೀಕ್ಷೆಯೂ ಅಭ್ಯಾಸವೂ ಒಂದೇ ಬಗೆಯ ಕಲ್ಪಿತ ಯಂತ್ರದ ಮೇಲೆ ನಡೆಯುವಾಗ ಅಭ್ಯರ್ಥಿಯನ್ನು ಮಾತ್ರ ದೂರುವುದು ನ್ಯಾಯವಾಗಲಾರದು.

ಆದರೂ ಅನುಕರಣೆಗೆ ಒಂದು ಮಿತಿಯಿದೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸಂಸ್ಥೆಯ ಬೆನ್ನೆಲುಬಿನಂತಿದ್ದ ಜಾಲವು ನಿರ್ವಹಣೆಯ ಕಾಲದಲ್ಲಿ ಕೊಟ್ಟ ಒಂದು ಆಜ್ಞೆಯಿಂದ ಕಡಿದುಹೋಯಿತು. ಅಂಥ ಆಜ್ಞೆಗಳನ್ನು ತಡೆಯಬೇಕಾಗಿದ್ದ ತಂತ್ರಾಂಶವು ತನ್ನಲ್ಲಿದ್ದ ದೋಷದಿಂದ ತಡೆಯಲಿಲ್ಲ. ದೂರದಿಂದ ಯಂತ್ರಗಳನ್ನು ತಲುಪುವ ದಾರಿಯೂ ಅದೇ ಜಾಲದ ಮೇಲಿದ್ದುದರಿಂದ ಕೆಲಸಗಾರರು ದತ್ತಾಂಶ ಕೇಂದ್ರಗಳಿಗೆ ಸ್ವತಃ ಹೋಗಿ, ಬಿಗಿಯಾದ ಕಾವಲನ್ನು ದಾಟಿ, ಯಂತ್ರಗಳ ಮುಂದೆ ನಿಲ್ಲಬೇಕಾಯಿತು. ಸುಮಾರು ಆರು ಗಂಟೆಗಳ ಕಾಲ ಸೇವೆಯು ನಿಂತಿತ್ತು. 1980ರಲ್ಲಿಯೂ 2021ರಲ್ಲಿಯೂ ಕೊನೆಗೆ ಬೇಕಾದುದು ಯಂತ್ರವನ್ನು ಮುಟ್ಟಿ ತಿಳಿದವರೇ. ಆದರೆ ಮೊದಲ ಸಂದರ್ಭದಲ್ಲಿ ಅವರು ಅರಿತುದನ್ನು ಬರೆದಿಟ್ಟರು. ಆ ಬರಹವೇ ಮುಂದಿನವರಿಗೆ ಪಾಠವಾಯಿತು. ಒಬ್ಬರ ಅನುಭವವು ಹೀಗೆ ಬರಹಕ್ಕಿಳಿದು ಇನ್ನೊಬ್ಬರ ಪಠ್ಯವಾಗುವುದನ್ನು ನೋಡಿದಾಗ ಪ್ರಮಾಣಪತ್ರಕ್ಕೂ ಅನುಭವಕ್ಕೂ ನಡುವೆ ಎಳೆದಿರುವ ಗೆರೆಯು ವಾದಿಗಳು ಭಾವಿಸುವಷ್ಟು ದಪ್ಪವಾದುದಲ್ಲವೆಂದು ತೋರುತ್ತದೆ.

ಅರ್ನೆಟ್ಟಿನ ಮೊದಲ ವರ್ಷಗಳಲ್ಲಿ ಬೆಂಗಳೂರಿನಲ್ಲಿ ತಂತಿಯೆಳೆದು, ಮೋಡೆಮುಗಳನ್ನು ಕೂಡಿಸಿ, ಕೆಟ್ಟುದನ್ನು ಸರಿಪಡಿಸಿದವರಲ್ಲಿ ಹಲವರು ಈಗ ನಿವೃತ್ತರಾಗಿರಬೇಕು. ಅವರಲ್ಲಿ ದಿನಚರಿಯನ್ನೋ, ದೋಷಗಳ ಟಿಪ್ಪಣಿಯ ಪುಸ್ತಕವನ್ನೋ, ಯಂತ್ರದ ಕೋಣೆಯಲ್ಲಿ ತೂಗುಹಾಕಿದ್ದ ಹಳೆಯ ನಕ್ಷೆಯನ್ನೋ ಮನೆಯಲ್ಲಿ ಉಳಿಸಿಕೊಂಡವರಿದ್ದರೆ, ಅವು ಹಳೆಯ ಕಾಗದವೆಂದು ತೂಕಕ್ಕೆ ಹೋಗುವ ಮೊದಲು ಯಾವುದಾದರೊಂದು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೆ ತಲುಪಬೇಕೆಂದು ಕೋರುತ್ತೇವೆ. ಇಂಥ ಸಾಮಗ್ರಿಯ ಸುಳಿವುಳ್ಳ ವಾಚಕರು ಸಂಪಾದಕರಿಗೆ ಬರೆದು ತಿಳಿಸಿದರೆ ನಾವು ಸ್ವತಃ ಹೋಗಿ ನೋಡಿ ಪಟ್ಟಿಮಾಡಲು ಸಿದ್ಧರಿದ್ದೇವೆ.